ಕಾಕಾ ಅವರ ಎಡಗೈ

ಕಳೆದ ತಿಂಗಳು ಬಿಬವೇವಾಡಿಯ ಕಿರಾಣಿ ಅಂಗಡಿಯೊಂದರಲ್ಲಿ ಎರಡು ಕಿಲೋದ ತೂಕದ ಕಲ್ಲು ಕಂಡೆ. ಈಗ ಎಲ್ಲ ಕಡೆ ಎಲೆಕ್ಟ್ರಾನಿಕ್ ತಕ್ಕಡಿ. ಆ ಕಬ್ಬಿಣಕ್ಕೆ ಉಳಿದಿದ್ದ ಕೆಲಸವೆಂದರೆ ಫ್ಯಾನಿನ ಗಾಳಿಗೆ ಪೇಪರು ಹಾರದಂತೆ ಒತ್ತಿ ಹಿಡಿಯುವುದು. ಅಂಗಡಿಯವನು ಅವಲಕ್ಕಿ ತರಲು ಒಳಗೆ ಹೋದಾಗ ಅದನ್ನು ಎತ್ತಿ ನೋಡಿದೆ. ಆ ತಣ್ಣನೆಯ ಭಾರ ಅಂಗೈಗೆ ತಾಗಿದ್ದೇ ಕೆಳಗಿನ ಮನೆಯ ಕಾಕಾ ನೆನಪಾದರು... ಅವಲಕ್ಕಿಯನ್ನೂ ತೆಗೆದುಕೊಳ್ಳದೆ ಹೊರಬಂದೆ ಎಂದು ಬರೆಯುವ ಆಸೆಯಾಗುತ್ತದೆ. ಹಾಗಾಗಲಿಲ್ಲ. ಅವಲಕ್ಕಿ ತಂದೆ, ಮರುದಿನ ತಿಂದೆವು. ನೆನಪಿಗೆ ಬಣ್ಣ ಹಚ್ಚುವ ಚಟವಿದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಕಾಕಾ ಧಾರವಾಡದ ಕಡೆಯವರು, ಲೋಕಲ್ ರೈಲು ಓಡಿಸುವ ಮೋಟರ್‌ಮನ್. ನಾನಾಗ ಮನಃಶಾಸ್ತ್ರದ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಇಕ್ಕಟ್ಟಿನಲ್ಲಿ ದುಡಿಯುವವರು ತಮ್ಮ ಜಾಗವನ್ನು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದು ನನ್ನ ಪ್ರಬಂಧದ ವಿಷಯ. ರೈಲ್ವೆಯವರು ಕೊಟ್ಟ ಪರವಾನಗಿ ಪತ್ರ ತೋರಿಸಿದಾಗ ಕಾಕಾ ನಕ್ಕಿದ್ದರು. “ಬಾರಪಾ ಪ್ರೊಫೇಸರಾ, ನನ್ನ ಖೋಲಿ ಅಳೀ. ಅಳೀಲಿಕ್ಕೆ ಅದರಾಗ ಏನದ?”

ಒಂದು ಮಧ್ಯಾಹ್ನ, ಎರಡು ಪಾಳಿಗಳ ನಡುವೆ ಖಾಲಿ ರೈಲು ಪಕ್ಕದ ಹಳಿಯಲ್ಲಿ ನಿಂತಿದ್ದಾಗ ಅವರೊಂದಿಗೆ ಹತ್ತಿದೆ. ಗಾಡಿಯ ತುದಿಯ ಪುಟ್ಟ ಕೋಣೆ, ಹಳೆಯ ಕಾಲದ ಕ್ಯಾಬ್. ಎಡಕ್ಕೆ ಚಾಲಕನ ಆಸನ, ಎದುರಿಗೆ ಗಾಜು, ಬೆನ್ನ ಹಿಂದೆ ತಗಡಿನ ಗೋಡೆ, ಅದರಾಚೆಗೆ ಪ್ರಯಾಣಿಕರು. ಗಾಡಿ ತಿರುಗಿ ಹೊರಟರೆ ಇದೇ ಜಾಗ ಗಾರ್ಡಿನದಾಗುತ್ತಿತ್ತು. ಹಾಗಾಗಿ ಅದು ಯಾರ ಸ್ವಂತದ್ದೂ ಅಲ್ಲ. ಆದರೂ ಕಾಕಾ ಎರಡೇ ನಿಮಿಷದಲ್ಲಿ ಅಲ್ಲೊಂದು ಸಂಸಾರ ಹೂಡುತ್ತಿದ್ದರು. ಕೊಕ್ಕೆಗೆ ಚೀಲ, ಕಿಟಕಿಯ ಸಂದಿಗೆ ನೀರಿನ ಬಾಟಲಿ, ಬೆಚ್ಚಗಿರುತ್ತಿದ್ದ ತಗಡಿನ ಪೆಟ್ಟಿಗೆಯ ಮೇಲೆ ರೊಟ್ಟಿಯ ಡಬ್ಬಿ, ಆಸನದ ಬೆನ್ನಿಗೆ ಟವೆಲ್, ಗಾಜಿನ ಅಂಚಿಗೆ ಜೇಜುರಿ ದೇವರ ಭಂಡಾರದ ಅರಿಶಿನದ ಪೊಟ್ಟಣ. ಕೊನೆಯ ನಿಲ್ದಾಣದಲ್ಲಿ ಎಲ್ಲವನ್ನೂ ಬಾಚಿಕೊಂಡು ಇನ್ನೊಂದು ತುದಿಗೆ ನಡೆದು, ಮತ್ತೆ ಅದೇ ಸಂಸಾರ. ಅವರ ಮೊಣಕಾಲಿಗೂ ಎದುರಿನ ಫಲಕಕ್ಕೂ ಒಂದು ಗೇಣು ಅಂತರವೂ ಇರಲಿಲ್ಲ. ಟೇಪು ಹಿಡಿದು ಎಲ್ಲವನ್ನೂ ಗ್ರಾಫ್ ಹಾಳೆಗೆ ಇಳಿಸಿದೆ.

ಆಗಲೇ ಗಮನಿಸಿದ್ದು. ಚಹಾದ ಲೋಟ ಬಲಗೈಯಲ್ಲಿತ್ತು. ಎಡಗೈ ತೊಡೆಯ ಮೇಲೆ ಬೇರೆ ಯಾರದ್ದೋ ಎಂಬಂತೆ ಬಿದ್ದಿತ್ತು. ಆ ಕೈಯ ಕೆಲಸ ಸಣ್ಣದಲ್ಲ. ಗಾಡಿ ಓಡುತ್ತಿರುವಷ್ಟು ಹೊತ್ತೂ ಚಾಲಕ ಎಡಗೈಯಿಂದ ಒಂದು ಹಿಡಿಯನ್ನು ಒತ್ತಿಕೊಂಡೇ ಇರಬೇಕು. ಅವನಿಗೆ ಏನಾದರೂ ಆಗಿ ಕೈ ಸಡಿಲವಾದರೆ ಬ್ರೇಕು ತಾನಾಗಿ ಬಿದ್ದು ಗಾಡಿ ನಿಲ್ಲುತ್ತದೆ. ಕ್ಯಾಬಿನಲ್ಲಿ ಇನ್ನೊಬ್ಬನಿಲ್ಲ, ಕಾವಲೆಂದರೆ ಅದೊಂದೇ.

ಕಾಕಾ ಚೀಲದಿಂದ ಅರಿವೆಯಲ್ಲಿ ಹೊಲಿದ ಗಂಟೊಂದನ್ನು ತೆಗೆದರು. ಒಳಗೆ ಎರಡು ಕಿಲೋದ ತೂಕದ ಕಲ್ಲು. ಅದರ ದಾರವನ್ನು ಆ ಹಿಡಿಗೆ ತೂಗುಬಿಟ್ಟರು. ಹಿಡಿ ಕೆಳಗೇ ಕೂತಿತು, ಮೇಲೇಳಲಿಲ್ಲ.

“ಕಾಕಾ, ಇದೇನ್ರಿ?”

“ಸಪಾಟ ದಾರ್ಯಾಗ ಅಷ್ಟಪಾ, ಎರಡು ಮಿನಿಟು. ಕೈ ಜೋಮು ಹಿಡೀತದ.”

“ಡಾಕ್ಟರಿಗೆ ತೋರಸ್ರಿ.”

“ತೋರಿಸಿದ್ರ ಗಾಡಿಯಿಂದ ಇಳಿಸಿ ಕುರ್ಚಿ ಮ್ಯಾಲ ಕೂಡಸ್ತಾರ. ಮೂವತ್ತು ವರ್ಷ ಹಳಿ ನೋಡಿದಾಂವ ಅಲ್ಲಿ ಕೂತು ಏನ್ ನೋಡ್ಲಿ, ಗ್ವಾಡೀನ?” ಮತ್ತೆ ನಕ್ಕರು. “ನಿನ್ನ ಚಿತ್ರದಾಗ ಇದನ್ನ ತಗೀಬ್ಯಾಡ, ಹಾಂ?”

ಹಾಳೆಯಲ್ಲಿ ಬಿಡಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಒಬ್ಬಳಿಗೆ ಮಾತ್ರ, ಅದೂ ಅರ್ಧ. ನನ್ನ ಅಕ್ಕ ದಿನಾ ಬೆಳಿಗ್ಗೆ ಅದೇ ಲೋಕಲ್ ಹಿಡಿದು ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದಳು. ಮುಂದಿನ ಬೋಗಿಯಲ್ಲಿ ಕೂಡಬೇಡ, ಹಿಂದಕ್ಕೆ ಹೋಗು ಎಂದೆ. ಕಾರಣ ಹೇಳಲಿಲ್ಲ. ಹೇಳಿದರೆ ಕಾಕಾ ಕೆಲಸ ಕಳೆದುಕೊಳ್ಳುತ್ತಾರೆ, ಹೇಳದಿದ್ದರೆ... ಮುಂದಕ್ಕೆ ಯೋಚಿಸುವುದನ್ನು ಅಲ್ಲಿಗೇ ನಿಲ್ಲಿಸಿದ್ದೆ. ಕೆಳಗಿನಿಂದ ಕಾಕಾ ಕೆಮ್ಮಿದ್ದು ಕೇಳಿದಾಗಲೆಲ್ಲ ನನ್ನ ಓದು ನಿಲ್ಲುತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ ಮೊದಲು ನೋಡುತ್ತಿದ್ದುದು ಅವರ ಮುಖವನ್ನಲ್ಲ, ಕೈಯನ್ನು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಗಾಡಿ ನಿಲ್ಲಬೇಕಾದ ನಿಲ್ದಾಣದಲ್ಲಿ ನಿಲ್ಲಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕಾದಿದ್ದವರ ಮುಂದೆಯೇ ಹಾದುಹೋಯಿತು. ಹಿಂದಿನ ತುದಿಯಿಂದ ಗಾರ್ಡ್ ಬ್ರೇಕು ಹಾಕಿ ನಿಲ್ಲಿಸಿದರಂತೆ. ಯಾರಿಗೂ ಪೆಟ್ಟಾಗಲಿಲ್ಲ. ಕಾಕಾ ಮಾತ್ರ ಆಸನದಲ್ಲೇ ಮುಂದಕ್ಕೆ ಬಾಗಿದ್ದರು, ಉಸಿರಿರಲಿಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು ಎಂದರು. ಮೈಭಾರ ಹಿಡಿಯ ಮೇಲೆ ಬಿದ್ದದ್ದರಿಂದ ಗಾಡಿ ಓಡುತ್ತಲೇ ಇತ್ತು ಎಂದು ತೀರ್ಮಾನವಾಯಿತು. ಹಾಗೂ ಆಗಿರಬಹುದು. ಮನೆಗೆ ಬಂದ ಅವರ ಸಾಮಾನನ್ನು ಅವರ ಹೆಂಡತಿ ಕಾಕೂ ಪಡಸಾಲೆಯಲ್ಲಿ ಇಟ್ಟಿದ್ದಾಗ ನೋಡಿದೆ. ಚೀಲ, ಬಾಟಲಿ, ಟವೆಲ್, ತೆರೆಯದ ಡಬ್ಬಿ. ಆ ಗಂಟು ಇರಲಿಲ್ಲ.

ಅಂದಿನಿಂದ ನನಗೆ ಅನುಮಾನ. ಆ ಗಂಟು ನಿಜಕ್ಕೂ ಇತ್ತೇ? ಆಗಿಹೋದದ್ದಕ್ಕೆ ಹೊಂದುವ ಕಾರಣವನ್ನು ಮನಸ್ಸು ಆಮೇಲೆ ಹುಟ್ಟಿಸುತ್ತದೆಂದು ನಾನೇ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಗ್ರಾಫ್ ಹಾಳೆಯಲ್ಲಿ ಏನೂ ಇಲ್ಲ. ಹಿಡಿಯ ಕೆಳಗೆ ರಬ್ಬರಿನಿಂದ ಉಜ್ಜಿದ ಗುರುತೊಂದಿದೆ, ಆದರೆ ಅಂಥ ಗುರುತುಗಳು ಆ ಹಾಳೆಯ ತುಂಬ ಇವೆ.

ಅಂಗಡಿಯಿಂದ ಬಂದ ಸಂಜೆ ಸಾಸವಡದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ನೆನಪಿಲ್ಲದಿದ್ದರೆ ಎಲ್ಲವೂ ನನ್ನ ಕಟ್ಟುಕತೆ ಎಂದುಕೊಂಡು ನೆಮ್ಮದಿಯಾಗಿರಬಹುದು ಎಂಬ ಆಸೆ.

“ಹೇಳಿದ್ದಿಯಲ್ಲೋ,” ಎಂದಳು ಅಕ್ಕ. “ಮುಂದ ಕೂಡಬ್ಯಾಡ, ಹಿಂದಿನ ಡಬ್ಬಾಕ್ಕ ಹೋಗು ಅಂತ. ಭಾಳ ಸಿಟ್ಟಿಲೆ ಹೇಳಿದ್ದಿ.”

“ಅವತ್ತ ಹಿಂದ ಕೂತಿದ್ದಿಯೇನು?”

“ಎಲ್ಲಿ ಹಿಂದ! ನಮ್ಮ ಶಾಲಿ ಕಲಸೋ ಬಾಯಾರೆಲ್ಲಾ ಮುಂದಿರ್ತಿದ್ರು, ಹಿಂದ ಒಬ್ಬಾಕಿ ಹೋಗಿ ಭಜನಿ ಮಾಡ್ಲೇನು? ಕಾಕಾರ ಬೆನ್ನಿಗೇ ಕೂತಿದ್ದೆ, ತಗಡಿನ ಈಚಿಗೆ.” ಆಮೇಲೆ ಕೇಳಿದಳು, “ಯಾಕ ಹಂಗ ಹೇಳಿದ್ದಿ ನೀ?”

ಎಲ್ಲ ಹೇಳಿದೆ. ಎಡಗೈ, ಜೋಮು, ಗಂಟು. ಬೈಯುತ್ತಾಳೆಂದು ಕಾದೆ.

“ಕೈ ಜೋಮು ಹಿಡೀತದಂತ ಕಾಕೂಗರ ಹೇಳಬೇಕಿತ್ತಲ್ಲೋ,” ಎಂದಳು ಮೆಲ್ಲಗೆ. “ಬೈದು ದವಾಖಾನಿಗೆ ಎಳಕೊಂಡು ಹೋಗ್ತಿದ್ಲು.”

ಇಷ್ಟು ವರ್ಷ ನಾನು ಗಾಡಿಯ ಬಗ್ಗೆ ಯೋಚಿಸಿದ್ದೆ, ಅಕ್ಕನ ಬಗ್ಗೆ, ಕಾಕಾ ಅವರ ನೌಕರಿಯ ಬಗ್ಗೆ, ನನ್ನ ನೆನಪಿನ ಬಗ್ಗೆ. ಇದೊಂದು ಹೊಳೆದೇ ಇರಲಿಲ್ಲ. ಕಾಕೂ ನಮ್ಮ ಕೆಳಗಿನ ಮನೆಯಲ್ಲೇ ಇದ್ದರು, ಹದಿನಾಲ್ಕು ಮೆಟ್ಟಿಲು ಇಳಿದರೆ ಸಾಕಿತ್ತು... ಅವರೂ ತೀರಿಕೊಂಡು ಬಹಳ ವರ್ಷವಾಯಿತು.