ಪಿಕಳಾರದ ಮೇಲಿನ ಸಿಟ್ಟು

ನನಗೆ ಒಂದು ಜೋಡಿ ಹಕ್ಕಿಗಳ ಮೇಲೆ ಸಿಟ್ಟಿದೆ. ಈ ಬೇಸಿಗೆಯಲ್ಲಿ ಇಂಡಿ ಊರಿನ ನಮ್ಮ ಮನೆಯ ಹಿತ್ತಲ ನಿಂಬೆ ಗಿಡದಲ್ಲಿ ಗೂಡು ಕಟ್ಟಿದ ಪಿಕಳಾರಗಳು ಅವು. ಮರಿಗಳು ಎರಡೇ, ಅಪ್ಪ ಅವ್ವ ಇಬ್ಬರೂ ಬೆಳಗಿನಿಂದ ಸರದಿಯ ಮೇಲೆ ಹುಳ ತಂದವು. ತರಲಿ. ವಾಪಸು ಹೋಗುವಾಗ ಮರಿಯ ಹಿಕ್ಕೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿ ದೂರ ಬಿಸಾಕಿದವು! ಗಂಡಾದದ್ದು ಇಷ್ಟು ಇಳಿಯಬೇಕೆ ಎಂದು ನಾನು ನಕ್ಕೆ.

“ಇದರಾಗ ಗಂಡು ಯಾವುದು?” ಎಂದು ಹೆಂಡತಿಯನ್ನು ಕೇಳಿದೆ.

“ಎರಡೂ ದುಡಿಯಾಕತ್ತಾವಲ್ರಿ, ಹೆಂಗ ಗೊತ್ತಾಗಬೇಕು?” ಎಂದಳು.

ಹೊರ್ತಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ತರಗತಿಯಲ್ಲಿ ಗೀಜಗನನ್ನು ಬಾಯಿ ತುಂಬ ಹೊಗಳುತ್ತಿದ್ದೆ. ಗಂಡು ಗೀಜಗ ಚಂದದ ಗೂಡು ನೇಯುತ್ತದೆ. ಹೆಣ್ಣು ಒಪ್ಪಿ ಮೊಟ್ಟೆ ಇಟ್ಟ ಮೇಲೆ ಮತ್ತೊಂದು ಗೂಡಿಗೆ ನಾರು ಹುಡುಕುತ್ತ ಹೊರಟುಬಿಡುತ್ತದೆ. ಮರಿಗಳ ಉಸಾಬರಿಯೆಲ್ಲ ಹೆಚ್ಚುಕಡಿಮೆ ತಾಯಿಯದೇ. ಮನೆ ಕಟ್ಟಿಸಿದ್ದೇ ದೊಡ್ಡ ಉಪಕಾರ ಎಂದುಕೊಂಡ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ವಕೀಲ ಬೇಕೆ?

ನಮ್ಮ ಮನೆತನದಲ್ಲಿ ಹಿರಿಯರೆದುರು ಗಂಡಸು ತನ್ನ ಮಗುವನ್ನು ಎತ್ತಿಕೊಳ್ಳುವುದು ನಾಚಿಕೆಗೇಡು. ಅಣ್ಣನ ಮಗುವನ್ನು ಹೆಗಲ ಮೇಲೆ ಕುಣಿಸಬಹುದು, ತನ್ನದನ್ನು ಮುಟ್ಟಬಾರದು. ನಮ್ಮಪ್ಪ ಅಂಗಳದಲ್ಲಿ ಕೆಮ್ಮಿದರೆ ಸಾಕು, ಮಗಳು ಸುನಂದೆಯನ್ನು ಕೌದಿಯ ಮೇಲೆ ಇಳಿಸಿ ಪೇಪರ್ ಹಿಡಿಯುತ್ತಿದ್ದೆ. ಅಪ್ಪ ತೀರಿಕೊಂಡಾಗ ಅವಳಿಗೆ ಹನ್ನೆರಡು ವರ್ಷ. ಎತ್ತಿಕೊಳ್ಳುವ ಕಾಲ ಮುಗಿದಿತ್ತು.

ಅದೇ ಸುನಂದೆ ಈಗ ಬಾಣಂತನಕ್ಕೆ ಬಂದಿದ್ದಳು. ಸಿಂದಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಅಳಿಯ ಪ್ರತಿ ಭಾನುವಾರ ಬೈಕಿನಲ್ಲಿ ಬಂದು, ಕೈಕಾಲು ತೊಳೆದವನೇ ತನ್ನ ಹೆಣ್ಣುಕೂಸನ್ನು ಎತ್ತಿಕೊಳ್ಳುತ್ತಿದ್ದ. ಹೊಲಸಾದ ಬಟ್ಟೆಯನ್ನೂ ತಾನೇ ಒಗೆಯುತ್ತಿದ್ದ. ಒಂದು ಭಾನುವಾರ ನಾನು ಪಡಸಾಲೆಗೆ ಬಂದಾಗ ಕೂಸು ಅವನ ತೋಳಿನಲ್ಲಿ ನಿದ್ದೆಹೋಗಿತ್ತು. ನಾನು ಕೆಮ್ಮಿದೆ. ನನಗೆ ನೆಗಡಿಯೇನೂ ಇರಲಿಲ್ಲ. ಅಳಿಯ ಗಾಬರಿಯಾಗಿ ಕೂಸನ್ನು ತೊಟ್ಟಿಲಿಗೆ ಹಾಕಿ ಎದ್ದು ನಿಂತ. ಅದು ಕಿಟಾರನೆ ಕಿರುಚಿಕೊಂಡಿತು.

ಸುನಂದೆ ಒಳಗಿನಿಂದ ಬಂದಳು. “ಅಪ್ಪಾ, ನೀ ನನ್ನ ಎತ್ಕೊಂಡಿದ್ದು ನನಗ ನೆನಪಿಲ್ಲ. ಹೋಗ್ಲಿ ಬಿಡು. ಅಕೀನ್ನ ಅವರಪ್ಪನ ಕೈಯಾಗಿಂದ ಯಾಕ ಇಳಸಿದಿ?”

ನನ್ನೊಳಗೆ ಇದ್ದದ್ದು ಬರಿ ಹೊಟ್ಟೆಕಿಚ್ಚು. ಅಳಿಯನ ಮೇಲೆ, ಗಿಡದ ಮೇಲಿನ ಆ ಹಕ್ಕಿಯ ಮೇಲೆ. ಅಪ್ಪನಿಗೆ ಹೆದರಿ ನಾನು ಕಳೆದುಕೊಂಡದ್ದನ್ನು ಇವನು ನನ್ನೆದುರೇ, ನನ್ನ ಮನೆಯಲ್ಲೇ ಉಣ್ಣುತ್ತಿದ್ದ. ಅದನ್ನು ನನಗೆ ಸಹಿಸಲಾಗಲಿಲ್ಲ.

ಐದು ತಿಂಗಳು ಇರಬೇಕಾದವಳು ಎರಡು ತಿಂಗಳಿಗೇ ಹೊರಟಳು. ಹೆಂಡತಿ ತಡೆದಳು, ಕೇಳಲಿಲ್ಲ. ನಾನು ತಡೆಯಲೂ ಇಲ್ಲ. ಯಾವ ಮುಖದಿಂದ ತಡೆಯಲಿ? ಕಾರು ತರಲು ಹೇಳಿ ಸಾಮಾನು ಕಟ್ಟುವಾಗ “ಹಿಡಿ ಅಪ್ಪಾ” ಎಂದು ಕೂಸನ್ನು ನನ್ನ ಕೈಗೆ ಕೊಟ್ಟಳು. ಹಾಜರಿ ಪುಸ್ತಕ ಹಿಡಿದ ಹಾಗೆ ಹಿಡಿದೆ. ಅದರ ಕತ್ತು ವಾಲಿತು.

“ಮಾವಾರ, ತಲಿ ಕೆಳಗ ಕೈ ಕೊಡ್ರಿ,” ಎಂದು ಅಳಿಯ ನನ್ನ ಅಂಗೈಯನ್ನು ಸರಿಯಾದ ಜಾಗದಲ್ಲಿಟ್ಟ. ಕೂಸು ಅಳಲಿಲ್ಲ. ನನ್ನ ಮುಖವನ್ನೇ ನೋಡಿತು.

ಅರವತ್ಮೂರನೆಯ ವಯಸ್ಸಿಗೆ ನನಗೆ ಈ ಪಾಠ ಬಂತು. ಅಷ್ಟರಲ್ಲಿ ಕಾರಿನವನು ಹಾರ್ನ್ ಹೊಡೆದ. ಕೂಸನ್ನು ತಿರುಗಿ ಕೊಟ್ಟೆ.