ಖಾಲಿ ಉಳಿದ ಪಾಳಿ

ನವಲಗುಂದದಲ್ಲಿ ಈಗ ಸುಭಾಸನ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ದೇವರಂಥ ಮನುಷ್ಯ ಎನ್ನುವವರು ಕೆಲವರು. ಹಟಕ್ಕೆ ಬಿದ್ದು ಹೆಂಡತಿಯ ಬಾಳು ಹಾಳುಮಾಡಿದ ಎನ್ನುವವರು ಕೆಲವರು. ಚಿಕ್ಕಂದಿನಿಂದ ಅವನ ಗೆಳೆಯನಾದ ನನಗೆ ಎರಡೂ ಸರಿ ಕಾಣುವುದಿಲ್ಲ. ದೇವರಂಥವನು ಇಸ್ಪೀಟಿನಲ್ಲಿ ಅಷ್ಟು ಮೋಸ ಮಾಡುತ್ತಿರಲಿಲ್ಲ.

ಟ್ರಸ್ಟೊಂದು ನಡೆಸುವ ಸಣ್ಣ ಆಸ್ಪತ್ರೆಗೆ ಅವನು ವ್ಯವಸ್ಥಾಪಕನಾಗಿದ್ದ. ಅಲ್ಲಿ ಡಯಾಲಿಸಿಸ್ ಯಂತ್ರಗಳು ಮೂರೇ ಇವೆ. ಕಿಡ್ನಿ ಕೆಟ್ಟವರು ವಾರಕ್ಕೆ ಎರಡು ಮೂರು ಸಲ ಬಂದು ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ತಪ್ಪಿಸಿದರೆ ಜೀವಕ್ಕೆ ಅಪಾಯ. ಜಾಗ ಸಿಗದವರು ಕಾಯುವವರ ಯಾದಿಯಲ್ಲಿ ಹೆಸರು ಹಚ್ಚಿ, ಜಾಗ ಖಾಲಿಯಾಗುವವರೆಗೆ ಹುಬ್ಬಳ್ಳಿಗೆ ಅಲೆಯಬೇಕು.

ಪಾಳಿಗಳನ್ನು ಸುಭಾಸ ಬಸ್ಸಿನ ವೇಳೆ ನೋಡಿ ಹೊಂದಿಸಿದ್ದ. ದೂರದ ಹಳ್ಳಿಯವರಿಗೆ ಬೆಳಿಗ್ಗೆ, ಊರಿನವರಿಗೆ ಮಧ್ಯಾಹ್ನ. ಯಂತ್ರದಿಂದ ಎದ್ದವರಿಗೆ ತಲೆ ಸುತ್ತುತ್ತದೆ, ಬಸ್ಸಿನಲ್ಲಿ ನಿಂತು ಹೋಗಲಾಗದು. ಅದಕ್ಕೆ ಯಾವ ಬಸ್ಸಿನಲ್ಲಿ ಗದ್ದಲ ಕಡಿಮೆ ಎಂದು ತಾನೇ ಡಿಪೋಕ್ಕೆ ಹೋಗಿ ಕೇಳಿಕೊಂಡು ಬಂದಿದ್ದ. ಒಮ್ಮೆ ಟ್ರಸ್ಟಿನ ಅಧ್ಯಕ್ಷರು ತಮ್ಮ ಷಡ್ಡಕನಿಗೆ ಕೂಡಲೇ ಜಾಗ ಬೇಕೆಂದು ಫೋನು ಮಾಡಿದರು. ಆಗಲಿ, ಯಾರನ್ನು ಎಬ್ಬಿಸಬೇಕೆಂದು ನೀವೇ ಬಂದು ಕೈಮಾಡಿ ತೋರಿಸಿರಿ ಎಂದನಂತೆ. ಅಧ್ಯಕ್ಷರು ಬರಲಿಲ್ಲ. ಅವನನ್ನು ತೆಗೆಯಲು ಮಾತ್ರ ಅಂದಿನಿಂದ ಕಾಯತೊಡಗಿದರು.

ಆಮೇಲೆ ಅವನದೇ ಕಿಡ್ನಿ ಕೆಟ್ಟಿತು. ಸಕ್ಕರೆ ಕಾಯಿಲೆ ಬಹಳ ವರ್ಷದ್ದು. ಯಾದಿಯ ಕೊನೆಗೆ ತನ್ನ ಹೆಸರು ಹಚ್ಚಿ ಹುಬ್ಬಳ್ಳಿಗೆ ಹೋಗಿಬರತೊಡಗಿದ. ಹೋಗಿಬಂದ ದಿನ ಮುಖ ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತು.

ಬೆಳಗಿನ ಪಾಳಿಯಲ್ಲಿ ಯಮನೂರಿನ ಸಾವಂತ್ರೆವ್ವ ಎಂಬ ಹೆಂಗಸು ಬರುತ್ತಿದ್ದಳು. ಸೂಜಿ ಚುಚ್ಚಿಸಿಕೊಂಡು ಮಲಗಿಯೂ ಬಾಜೂದವರನ್ನು ನಗಿಸುವವಳು. ಒಂದು ದಿನ ಪಾಳಿಯ ಹೊತ್ತಾದ ಮೇಲೆ, ಅಣ್ಣನ ಮಗಳು ಬಸುರಿ, ಅವಳ ಕುಬಸಕ್ಕೆ ಹೋಗಬೇಕು, ಬರುವುದಿಲ್ಲ ಎಂದು ಹೇಳಿಕಳಿಸಿದಳು. ಹಾಗೆ ಖಾಲಿಯಾದ ಜಾಗ ಯಾದಿಯಲ್ಲಿ ಮುಂದಿನವರಿಗೆ ಎಂಬುದು ನೇಮ. ಯಂತ್ರ ನೋಡಿಕೊಳ್ಳುವ ಸೀಮಾ ಎಲ್ಲರಿಗೂ ಫೋನು ಹಚ್ಚಿದಳು. ಅಷ್ಟು ಬೇಗ ಬಂದು ಮುಟ್ಟುವವರು ಯಾರೂ ಇರಲಿಲ್ಲ. ಉಳಿದವನು ಸುಭಾಸ. ಅಂದು ಸಂಜೆ ನನ್ನ ಮನೆಗೆ ಬಂದಾಗ ಅವನ ಮುಖ ಅರಳಿತ್ತು. ಮುಂದಿನ ಪಾಳಿಗೆ ಸಾವಂತ್ರೆವ್ವನಿಗೆ ಜ್ವರ ಎಂದು ಸುದ್ದಿ ಬಂತು. ಮತ್ತೆ ಅವನೇ ಮಲಗಿದ.

ಎರಡು ದಿನ ಬಿಟ್ಟು ಅವಳನ್ನು ಗೂಡ್ಸ್ ಟೆಂಪೋದಲ್ಲಿ ಹಾಕಿಕೊಂಡು ಬಂದರು. ಪುಪ್ಪುಸದಲ್ಲಿ ನೀರು ತುಂಬಿ ಉಸಿರು ಸಿಗುತ್ತಿರಲಿಲ್ಲ. ಹೇಗೋ ಉಳಿದಳು. ಕುಬಸವೂ ಇರಲಿಲ್ಲ, ಜ್ವರವೂ ಇರಲಿಲ್ಲ ಎಂದು ಆಗ ತಿಳಿಯಿತು. ಯಾಕೆ ಹೀಗೆ ಮಾಡಿದೆ ಎಂದು ಸುಭಾಸ ಕೇಳಿದಾಗ ನಾನೂ ಅಲ್ಲಿದ್ದೆ.

"ಕಾಲಿವಿ ನೀರಿನ ಪಾಳಿ ನಮ್ದಿದ್ದಾಗ ಬಾಜೂ ಹೊಲದವ್ರ ಬೆಳಿ ಒಣಗಾಕತ್ತಿದ್ರ ಬಿಟ್ಟ ಕೊಡ್ತೀವಲ್ರಿ ಸಾಹೇಬ್ರ, ಹಂಗ ಕೊಟ್ನಿ," ಎಂದಳು.

"ಅದು ಬೆಳಿ ಬೇ. ಇದು ಜೀವ."

"ನಿಮ್ದೇನು ಜೀವ ಅಲ್ಲೇನ್ರಿ?"

ಸುಭಾಸ ಹೊರಗೆ ಬಂದು ನನ್ನೊಡನೆ ಬಾಕಿನ ಮೇಲೆ ಕುಳಿತ. ಫೋನು ಮಾಡುವವರ ವಶೀಲಿ ತಡೆಯಬಹುದು ಎಂದ. ತಾನು ಆ ಖುರ್ಚಿಯಲ್ಲಿ ಕೂತು ಬೇನೆ ಬಿದ್ದದ್ದೇ ದೊಡ್ಡ ವಶೀಲಿ. ತಾನು ಬಾಯಿ ಬಿಡದಿದ್ದರೂ ಜನ ಜೀವ ಒತ್ತೆಯಿಟ್ಟು ಜಾಗ ಬಿಡುತ್ತಾರೆ. ಮರುದಿನ ಯಾದಿಯಿಂದ ತನ್ನ ಹೆಸರು ಹೊಡೆದುಹಾಕಿದ.

ಹೆಂಡತಿ ಶಾಂಭವಿ ತಡೆಯಲಾರದೆ ನನ್ನ ಎದುರಿಗೇ ಕೇಳಿದಳು: "ನೌಕರಿ ಬಿಡ್ರಿ. ಎಲ್ಲಾರಂಗ ಪಾಳಿ ಹಚ್ಚೂಣು. ಆಗರ ಜಾಗಾ ಸಿಗತೈತಿ."

"ನಾ ಬಿಟ್ಟ ಮರುದಿನ ಅಧ್ಯಕ್ಷರ ಷಡ್ಡಕ ಸಾವಂತ್ರೆವ್ವನ ಜಾಗಾದಾಗ ಮಲಗಿರ್ತಾನ," ಎಂದ.

ಅದು ನಿಜವೋ, ತಾನಿಲ್ಲದೆ ಆಸ್ಪತ್ರೆ ನಡೆಯದೆಂಬ ಅಹಂಕಾರವೋ? ಎರಡೂ ಇರಬೇಕು ಎಂದೆ. ಅವನು ನಕ್ಕ. ಶಾಂಭವಿ ನಗಲಿಲ್ಲ.

ಈ ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿ ಬಂತು. ಹುಬ್ಬಳ್ಳಿ ರಸ್ತೆ ಬಂದಾಯಿತು. ಅವನ ಒಂದು ಪಾಳಿ ತಪ್ಪಿತು, ಇನ್ನೊಂದೂ ತಪ್ಪಿತು. ಕಾಲು ಬಾತವು; ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬಿಗೆ ಒರಗಿಯೇ ಕೂತಿರುತ್ತಿದ್ದ. ಒಂದು ಬೆಳಿಗ್ಗೆ ನಾನು ಅವನ ಮನೆಯಲ್ಲಿದ್ದಾಗಲೇ ಸೀಮಾ ಫೋನು ಮಾಡಿದಳು. ಹಳ್ಳ ದಾಟಲಾರದೆ ಸಾವಂತ್ರೆವ್ವ ಬಂದಿಲ್ಲ, ಯಾದಿಯಲ್ಲಿದ್ದವರೂ ಮುಟ್ಟಲಾರರು, ಯಂತ್ರ ಖಾಲಿ ಇದೆ, ಕೂಡಲೇ ಬರ್ರಿ ಸರ್ ಎಂದಳು.

ಅವನು ನಂಬಲಿಲ್ಲ. ಸಾವಂತ್ರೆವ್ವ ಮತ್ತೆ ಬೇಕೆಂದೇ ಉಳಿದಿರಬೇಕು ಎಂದ. ಅವಳನ್ನೇ ಕೇಳಿ ಹೇಳು ಎಂದ. ಯಮನೂರಿನಲ್ಲಿ ಕರೆಂಟಿರಲಿಲ್ಲ, ಅವಳ ಫೋನು ಹತ್ತಲಿಲ್ಲ. ನೀರು ಇಳಿದರೆ ಬರುತ್ತಾಳೆ, ಯಂತ್ರ ಹಾಗೇ ಇಡು ಎಂದ. ಮಧ್ಯಾಹ್ನ ಸೀಮಾ ಮತ್ತೆ ಕರೆದಳು; ಆ ಯಂತ್ರದ ಮಧ್ಯಾಹ್ನದ ಪಾಳಿಯವರೂ ಹಳ್ಳದ ಆಚೆ ಸಿಕ್ಕಿಕೊಂಡಿದ್ದಾರೆ, ಅದು ಖಾಲಿಯೇ ಇದೆ ಎಂದಳು. ನಾನು ಬೈದೆ. ಶಾಂಭವಿ ಕಾಲು ಹಿಡಿದಳು.

"ಆಕಿ ದಾರ್‍ಯಾಗ ಇದ್ರ?" ಎಂದ. "ಬಂದು ನೋಡಿದ್ರ ನಾ ಮಲಗಿರ್ಬೇಕೇನು?"

ಸಂಜೆಗೆ ಮಾತಾಡುವ ಶಕ್ತಿ ಇರಲಿಲ್ಲ. ಅವನ ಒಪ್ಪಿಗೆ ಕೇಳದೆ ಎತ್ತಿ ಆಟೋದಲ್ಲಿ ಕೂಡಿಸಿದೆವು. ಆಸ್ಪತ್ರೆಯ ಗೇಟು ಬರುವ ಮುಂಚೆ ಉಸಿರು ನಿಂತಿತು. ಒಳಗೆ ಯಂತ್ರ ಖಾಲಿಯೇ ಇತ್ತು. ಬೆಳಗಿನಿಂದ ಅದರ ಮೇಲೆ ಯಾರೂ ಮಲಗಿರಲಿಲ್ಲ. ಅವನ ನ್ಯಾಯದಿಂದ ಅಂದು ಒಬ್ಬರಿಗೂ ಉಪಯೋಗವಾಗಲಿಲ್ಲ. ಈ ಮಾತನ್ನು ನಾನು ಅವನಿಗೆ ಹೇಳಬೇಕಿತ್ತು, ಯಾರಿಗೆ ಹೇಳಲಿ?

ಹಳ್ಳ ಇಳಿದ ಮೇಲೆ ಸಾವಂತ್ರೆವ್ವ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿಕೊಂಡು ನೇರ ಸುಭಾಸನ ಮನೆಗೆ ಬಂದಳು. ತೋಳಿಗೆ ಪಟ್ಟಿ ಇನ್ನೂ ಹಾಗೇ ಇತ್ತು. ಬಾಗಿಲು ದಾಟಲಿಲ್ಲ.

"ಅವತ್ತ ಖರೇನ ಬರಾಕ ಆಗಿರ್ಲಿಲ್ಲರಿ ಅಕ್ಕಾರ," ಎಂದಳು. "ಮೊದ್ಲ ಸುಳ್ಳ ಹೇಳಿದಾಕಿ ನಾನ."

ಶಾಂಭವಿ ಬೈಯುತ್ತಾಳೆ ಎಂದುಕೊಂಡೆ. ಅವಳು ಒಳಗೆ ಹೋಗಿ ಸಣ್ಣ ವಾಟಿಯಲ್ಲಿ ಅರ್ಧ ನೀರು ತಂದಳು. ಕಿಡ್ನಿ ಕೆಟ್ಟವರಿಗೆ ಎಷ್ಟು ಕೊಡಬೇಕೆಂದು ಆ ಮನೆಯಲ್ಲಿ ಗೊತ್ತಿತ್ತು.

"ಮತ್ತ ಯಾವಾಗೈತಿ ನಿನ್ನ ಪಾಳಿ?" ಎಂದು ಕೇಳಿದಳು.

"ಶುಕ್ರವಾರರಿ."

"ಯಾರರ ಬಿಡಂದ್ರ ಬಿಡಬ್ಯಾಡ. ನನಗ ಹೇಳು."