ಆಷಾಢದ ಲಾನು

ನಮ್ಮ ಮನೆಯ ಮುಂದಿನ ಹುಲ್ಲಿಗೆ ವರ್ಷಕ್ಕೆ ಆಷಾಢ ಒಂದೇ ರಜೆ. ಸರ್ಜಾಪುರದ ಆಚೆ, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಅಪ್ಪ ಹುಲ್ಲು ಹಾಸಿ, ಕಾಂಪೌಂಡ್ ಎಬ್ಬಿಸಿ, ಮದುವೆಗಳಿಗೆ ಬಾಡಿಗೆಗೆ ಬಿಡಲು ಶುರುಮಾಡಿ ಬಹಳ ವರ್ಷವಾಯಿತು. ಹೆಸರಿಗೆ ಲಾನು. ಮದುವೆಗೆ ಬಂದವರ ಕಾಲಿಗೆ ಹುಲ್ಲು ತಾಗುವುದೇ ಇಲ್ಲ. ಡೆಕೊರೇಷನ್ನಿನವರು ಅದರ ಮೇಲೆ ಹಸಿರು ಪ್ಲಾಸ್ಟಿಕ್ ಕಾರ್ಪೆಟ್ ಹಾಸುತ್ತಾರೆ. ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲವಾದ್ದರಿಂದ ಆ ತಿಂಗಳು ಅದು ಬಿಸಿಲು ನೋಡುತ್ತದೆ.

ಆ ಬೇಸಿಗೆ ಅದರ ಮೇಲೆ ನಡೆದ ಮದುವೆಗಳಲ್ಲಿ ನನ್ನದೂ ಒಂದು. ಕೆಲವು ವಾರ ವೈಟ್‌ಫೀಲ್ಡಿನಲ್ಲಿ ಗಂಡನ ಫ್ಲಾಟಿನಲ್ಲಿದ್ದು, ಹೊಸ ಮದುಮಗಳು ಆಷಾಢದಲ್ಲಿ ಅತ್ತೆಮನೆಯಲ್ಲಿ ಇರಬಾರದು ಎನ್ನುವ ಪದ್ಧತಿಯಂತೆ ತವರಿಗೆ ಬಂದೆ. ಶ್ರಾವಣದಲ್ಲಿ ಅವರು ಬಂದು ಕರೆದುಕೊಂಡು ಹೋಗಬೇಕು.

ಮದುವೆಯಾದ ಮೊದಲ ವಾರವೇ ಅವರು ಲ್ಯಾಪ್‌ಟಾಪ್ ಮುಚ್ಚಿ, ಬಹಳ ಮರ್ಯಾದೆಯಿಂದ ಹೇಳಿದ್ದರು: "ಅಮ್ಮ ಬಲವಂತ ಮಾಡಿದ್ರು ಅಂತ ಮದ್ವೆ ಆದೆ. ನಿಮಗೇನೂ ಕಮ್ಮಿ ಮಾಡಲ್ಲ. ಆದ್ರೆ ನನ್ನಿಂದ ಏನೂ ಎಕ್ಸ್‌ಪೆಕ್ಟ್ ಮಾಡ್ಬೇಡಿ." ನಾನು ಸರಿ ಎಂದೆ. ಎದ್ದು ಹೋಗಿ ಮಷೀನಿನಿಂದ ಬಟ್ಟೆ ತೆಗೆದು ಒಣಹಾಕಿದೆ. ಆಮೇಲೆ ಮೈಯೆಲ್ಲ ಜೋಮು ಹಿಡಿದಂತಾದದ್ದು ಬಿಡಲೇ ಇಲ್ಲ. ತವರಿನಲ್ಲಿ ಯಾರಿಗೂ ಹೇಳಲಿಲ್ಲ. ಶ್ರಾವಣದೊಳಗೆ ಹೋಗುತ್ತೇನೆ ಅಥವಾ ಹೋಗುವುದಿಲ್ಲ ಎಂದು ನಾನೇ ತೀರ್ಮಾನಿಸಬೇಕಿತ್ತು. ಎರಡಕ್ಕೂ ಮನಸ್ಸು ಏಳುತ್ತಿರಲಿಲ್ಲ.

ಆಷಾಢಕ್ಕೆ ಮುಂಚಿನ ಕೊನೆಯ ಮದುವೆ ಮುಗಿದು ಕಾರ್ಪೆಟ್ ಸುತ್ತಿಕೊಂಡು ಹೋದ ಮೇಲೆ ನೋಡಿದರೆ ಹುಲ್ಲೆಲ್ಲ ಒಣಗಿ ಮೇವಿನ ಬಣ್ಣಕ್ಕೆ ತಿರುಗಿತ್ತು. ಅಪ್ಪ ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಎಳೆದ. ಕೈಗೆ ಬರಲಿಲ್ಲ.

"ಸತ್ತಿಲ್ಲ ಕಣವ್ವ, ಮಲಗೈತೆ," ಎಂದ. ನೋಡುವುದಕ್ಕೆ ನನಗೆ ಎರಡೂ ಒಂದೇ ಥರ ಇದ್ದವು.

ಬೆಳಗಾದರೆ ಅಪ್ಪನ ಹಿಂದೆ ನಾನು. ಒಣಗಿದ ಗರಿಯನ್ನೆಲ್ಲ ಬಾಚಿ ತೆಗೆದೆವು. ಅದರೊಳಗೆ ಐಸ್‌ಕ್ರೀಂ ಚಮಚ, ಬೀಡಾಕ್ಕೆ ಚುಚ್ಚಿದ ಕಡ್ಡಿ, ಯಾವುದೋ ಮಗುವಿನ ಒಂಟಿ ಗೆಜ್ಜೆ. ಗಟ್ಟಿಯಾದ ನೆಲಕ್ಕೆ ಹಾರೆಯಿಂದ ತೂತು ಹಾಕಿ, ಜರಡಿ ಹಿಡಿದ ಗೊಬ್ಬರವನ್ನೂ ಮರಳನ್ನೂ ಎರಚಿ ನೀರು ಬಿಟ್ಟೆವು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅಪ್ಪನೊಳಗಿನ ರಾಗಿಯವನು ಸುಮ್ಮನಿರಬೇಕಲ್ಲ. ಮೋಡ ಕಟ್ಟಿದ್ದನ್ನು ಕಂಡು ಹೊಲಕ್ಕೆ ಎರಚಿದ ಹಾಗೆ ಯೂರಿಯಾ ಎರಚಿಬಿಟ್ಟ. ಆಷಾಢದ ಗಾಳಿ ಮೋಡವನ್ನು ತಮಿಳುನಾಡಿಗೆ ದಾಟಿಸಿಬಿಟ್ಟಿತು. ಮಳೆಗೆ ಕರಗದ ಯೂರಿಯಾ ಉಳಿದಲ್ಲೆಲ್ಲ ಮಾರನೆಯ ದಿನ ಸುಟ್ಟ ಕಲೆ. ಮಾಡಿದ್ದುಣ್ಣೋ ಮಹಾರಾಯ ಎಂದು ಅಮ್ಮ ಛೇಡಿಸಿದಳು. ಅಂಚಿನ ಹುಲ್ಲನ್ನು ಬೇರುಸಮೇತ ಕಿತ್ತು ತಂದು ಸುಟ್ಟ ಜಾಗದಲ್ಲಿ ನೆಟ್ಟೆವು.

ಒಂದು ಬೆಳಗ್ಗೆ ಅಪ್ಪ ಕೂಗಿ ಕರೆದ. ಬುಡದಲ್ಲಿ ಸೂಜಿಮೊನೆಯಷ್ಟು ಹಸಿರು. ಖುಷಿಯಾಯಿತೇ ಎಂದು ಕೇಳಿದ, ಹೂಂ ಎಂದೆ. ಆಗಿರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಗಂಡನ ಪಾದಪೂಜೆ ಮಾಡುವ ಭೀಮನ ಅಮಾವಾಸ್ಯೆಗೂ ಅವರು ಬರಲಿಲ್ಲ. ಆಫೀಸಿನಲ್ಲಿ ಬಿಡುವಿಲ್ಲವಂತೆ ಎಂದು ನಾನೇ ಹೇಳಿದೆ. ಪಾಪ, ಎಷ್ಟು ದುಡಿಯುತ್ತಾರೋ ಎಂದು ಮರುಗಿದ ಅಮ್ಮ ಅಳಿಯನಿಗೆಂದು ಎತ್ತಿಟ್ಟಿದ್ದ ಕಡುಬನ್ನು ನನಗೇ ಬಡಿಸಿದಳು.

ಶ್ರಾವಣದ ಒಂದು ಭಾನುವಾರ ಅವರು ಬಂದರು. ಊಟ ಮಾಡಿದರು. ಲಾನ್ ಚೆನ್ನಾಗಿದೆ ಎಂದು ಅಪ್ಪನಿಗೆ ಹೇಳಿದರು. ನಿಜವಾಗಿಯೂ ಚೆನ್ನಾಗಿತ್ತು; ಕಾಲಿಟ್ಟರೆ ಪಾದ ಮುಳುಗುವಷ್ಟು ದಟ್ಟವಾಗಿ ಬಂದಿತ್ತು. ಹೊರಡುವ ಮುಂಚೆ ಮಡಿಲು ತುಂಬುವ ಶಾಸ್ತ್ರವನ್ನು ಹಸಿರಿನ ಮೇಲೆಯೇ ಮಾಡೋಣ, ಬೀಗಿತ್ತಿಗೆ ಒಂದು ಫೋಟೊ ಹೋಗಲಿ ಎಂದಳು ಅಮ್ಮ. ಹುಲ್ಲಿನ ಮೇಲೆ ಮಣೆ ಹಾಕಿ ನನ್ನನ್ನು ಕೂರಿಸಿದಳು. ಅವರು ಫೋನ್ ಹಿಡಿದು ನಿಂತರು.

ಅಮ್ಮ ಬೊಗಸೆ ತುಂಬ ಅಕ್ಕಿ ತೆಗೆದುಕೊಂಡಳು. ನಾನು ಸೆರಗೊಡ್ಡಬೇಕಿತ್ತು. ಕೈಗಳು ಮೊಣಕಾಲಿನ ಮೇಲೆ ಇದ್ದಲ್ಲೇ ಇದ್ದವು. ಹಟವೇನಲ್ಲ, ಅವು ಮೇಲೇಳಲಿಲ್ಲ ಅಷ್ಟೆ. ಫೋನಿನ ಕಡೆ ನೋಡಿ ನಗುತ್ತಿದ್ದ ಅಮ್ಮ ಗಮನಿಸದೆ ಸುರಿದಳು. ಅಕ್ಕಿ ರೇಷ್ಮೆ ಸೀರೆಯ ಮೇಲಿಂದ ಜಾರಿ ಹುಲ್ಲಿಗೆ ಬಿತ್ತು.

"ಸೆರಗು ಇಡ್ಕೊಳ್ಳವ್ವ."

"ನಾನು ಹೋಗಲ್ಲಮ್ಮ." ಸಾರು ಸಾಕು ಎಂದ ಹಾಗಿತ್ತು ನನ್ನ ದನಿ.

ಅವರು ಫೋನ್ ಇಳಿಸಿದರು. "ನಾನೇನಾದ್ರೂ ಅಂದ್ನಾ?"

"ಇಲ್ಲ. ನೀವು ಯಾವತ್ತೂ ಏನೂ ಅನ್ನಲ್ಲ."

ಅಪ್ಪ ನನ್ನ ಮುಖ ನೋಡಿದ, ಕೈ ನೋಡಿದ. "ಊಟ ಆಯ್ತಲ್ಲ ಅಳಿಯಂದ್ರೆ, ನೀವು ಒರಡಿ," ಎಂದು ತಾನೇ ಹೋಗಿ ಗೇಟು ತೆರೆದ. ಅವರು ಫೋನನ್ನು ಜೇಬಿಗೆ ಹಾಕಿಕೊಂಡು, ಕಾರು ಹತ್ತಿ ಹೋದರು.

ಅಮ್ಮ ಹುಲ್ಲಿನ ಮೇಲೆ ಮಂಡಿಯೂರಿ ಅಕ್ಕಿ ಹೆಕ್ಕತೊಡಗಿದ್ದಳು. ದಟ್ಟ ಹುಲ್ಲಿನಲ್ಲಿ ಕಾಳು ಬುಡಕ್ಕೆ ಇಳಿದುಹೋಗಿ ಬೆರಳಿಗೆ ಸಿಗುತ್ತಿರಲಿಲ್ಲ. ಬಿಟ್ಟುಬಿಡು, ಅದು ಸಿಗುವುದಿಲ್ಲ ಎಂದ ಅಪ್ಪ. ಅವಳು ತಲೆಯೆತ್ತಲಿಲ್ಲ.

"ನನ್ ಮಗಳ ಮಡಿಲಿನ ಅಕ್ಕಿ. ಕಂಡೋರು ತುಳಿಯಾಕೆ ಬುಡ್ಲಾ?"

ಜೋಮು ಬಿಟ್ಟಾಗ ಆಗುವ ನೋವು ಮೊದಲು ಎದೆಗೆ ಬಂತು, ಆಮೇಲೆ ಕಣ್ಣಿಗೆ. ಮಣೆಯಿಂದ ಇಳಿದು ಅವಳ ಪಕ್ಕ ಕೂತು ನಾನೂ ಹುಲ್ಲು ಸರಿಸಿ ಹುಡುಕಿದೆ. ಅಳುವಿನಲ್ಲಿ ಒಂದು ಕಾಳೂ ಕಾಣಲಿಲ್ಲ.